ಗರ್ಭಿಣಿಯರು ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಹುಟ್ಟುವ ಮಗಳಿಗೆ ಕ್ಯಾನ್ಸರ್ ಬರುತ್ತದೆಯೇ?

ಸಂದೇಶದಲ್ಲಿ ಏನಿದೆ?
"ಗರ್ಭ ನಿಲ್ಲಲು ಡಾಕ್ಟರ್ ಕೊಡುವ ಹಾರ್ಮೋನ್ ಮಾತ್ರೆಯಿಂದ ಹೆಣ್ಣುಮಗುವಿಗೆ ಮುಂದೆ ಕ್ಯಾನ್ಸರ್ ಬರುತ್ತದೆ, ಇಂದೇ ನಿಲ್ಲಿಸಿ." ಕೆಂಪಾಪುರದ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೂ ಈ ಫಾರ್ವರ್ಡ್ ಬಂತು. ಅದನ್ನು ಓದಿದ ಗರ್ಭಿಣಿಯೊಬ್ಬರು, "ನಾನು ಮಾತ್ರೆ ಬಿಡಲೇ?" ಎಂದು ಕೇಳಿದರು.

ಇದರಲ್ಲಿ ನಿಜ ಎಷ್ಟು?
ಹಾಗೆ ಕ್ಯಾನ್ಸರ್ ತಂದ ಔಷಧಿಯೊಂದು ನಿಜವಾಗಿಯೂ ಇತ್ತು. ಅದರ ಹೆಸರು ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್, ಚಿಕ್ಕದಾಗಿ ಡಿಇಎಸ್. ಇದು 1938ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಕೃತಕ ಈಸ್ಟ್ರೋಜನ್. ಗರ್ಭಪಾತ ತಡೆಯುತ್ತದೆ ಎಂದು ಅಮೆರಿಕದಲ್ಲಿ ಲಕ್ಷಾಂತರ ಗರ್ಭಿಣಿಯರಿಗೆ ಇದನ್ನು ಕೊಟ್ಟರು. ಉಪಯೋಗವಿಲ್ಲ ಎಂದು 1953ರಲ್ಲೇ ಷಿಕಾಗೋದ ಅಧ್ಯಯನ ತೋರಿಸಿದರೂ ಬಳಕೆ ನಿಲ್ಲಲಿಲ್ಲ. 1971ರಲ್ಲಿ ಬೋಸ್ಟನ್‌ನ ವೈದ್ಯರು ಯೋನಿಯ ಅಪರೂಪದ ಕ್ಯಾನ್ಸರ್ ಇದ್ದ 8 ಯುವತಿಯರನ್ನು ಪರಿಶೀಲಿಸಿದಾಗ, 7 ಮಂದಿಯ ತಾಯಂದಿರು ಗರ್ಭಿಣಿಯಾಗಿದ್ದಾಗ ಡಿಇಎಸ್ ತೆಗೆದುಕೊಂಡಿದ್ದರು. ಅದೇ ವರ್ಷ ಅಮೆರಿಕ ಸರ್ಕಾರ ಗರ್ಭಿಣಿಯರಿಗೆ ಇದನ್ನು ಕೊಡಬೇಡಿ ಎಂದಿತು.

ಕ್ಯಾನ್ಸರ್ ಬಂದದ್ದು ಹೇಗೆ?
ಭ್ರೂಣದ ಜನನಾಂಗ ರೂಪುಗೊಳ್ಳುವಾಗ ಡಿಇಎಸ್ ಅಡ್ಡಿಪಡಿಸಿತು. ಬದಲಾಗಬೇಕಿದ್ದ ಗ್ರಂಥಿಯ ಜೀವಕೋಶಗಳು ಯೋನಿಯಲ್ಲೇ ಉಳಿದವು. ಹಾಗಿದ್ದರೂ ಈ ಕ್ಯಾನ್ಸರ್ ಬಂದದ್ದು ಅಂಥ ಹೆಣ್ಣುಮಕ್ಕಳಲ್ಲಿ ಸುಮಾರು 1,000ಕ್ಕೆ ಒಬ್ಬರಿಗೆ. ಗರ್ಭಕಂಠದ ಕ್ಯಾನ್ಸರ್‌ಪೂರ್ವ ಬದಲಾವಣೆಗಳ ಅಪಾಯವೂ ಅವರಲ್ಲಿ ಹೆಚ್ಚು. ಹಾಗಾಗಿ ಆ ವರ್ಷಗಳಲ್ಲಿ ವಿದೇಶದಲ್ಲಿ ಹುಟ್ಟಿದವರು ತಾಯಿ ಡಿಇಎಸ್ ತೆಗೆದುಕೊಂಡಿದ್ದು ತಿಳಿದಿದ್ದರೆ ಸ್ತ್ರೀರೋಗ ತಜ್ಞರಿಗೆ ಹೇಳಿ, ನಿಯಮಿತವಾಗಿ ತಪಾಸಣೆ ಮಾಡಿಸಿಕೊಳ್ಳಬೇಕು.

ಈಗ ಕೊಡುವ ಮಾತ್ರೆಯೂ ಅದೇನಾ?
ಅಲ್ಲ. ಈಗ ಸಾಮಾನ್ಯವಾಗಿ ಕೊಡುವುದು ಪ್ರೊಜೆಸ್ಟರಾನ್. ಇದು ಗರ್ಭ ಉಳಿಯಲು ದೇಹವೇ ತಯಾರಿಸುವ ಹಾರ್ಮೋನ್. ಡಿಇಎಸ್ ಬೇರೆಯೇ ರಾಸಾಯನಿಕ. ಹಿಂದೆ ಗರ್ಭಪಾತವಾಗಿದ್ದು, ಈಗಲೂ ಆರಂಭದಲ್ಲೇ ರಕ್ತಸ್ರಾವವಾಗುತ್ತಿದ್ದರೆ ಪ್ರೊಜೆಸ್ಟರಾನ್ ನೆರವಾಗಬಹುದು ಎಂದು 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ ಹೇಳುತ್ತದೆ. ಆದರೆ ಎಲ್ಲ ಗರ್ಭಿಣಿಯರಿಗೂ ಇದು ಬೇಕಾಗಿಲ್ಲ.

ಹಾಗಂತ ಹಾರ್ಮೋನ್ ಔಷಧಿಗಳನ್ನು ಪ್ರಶ್ನಿಸಬಾರದು ಎಂದಲ್ಲ. ನಮ್ಮ ದೇಶದಲ್ಲೂ ಗರ್ಭ ಪರೀಕ್ಷೆಗೆಂದು ಬಳಸುತ್ತಿದ್ದ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇರಿಸಿದ ಹೆಚ್ಚು ಡೋಸಿನ ಔಷಧಿಗಳಿದ್ದವು. ಮಗುವಿಗೆ ಅಂಗವೈಕಲ್ಯದ ಭಯದಿಂದ ಮಹಿಳಾ ಸಂಘಟನೆಗಳು ಹೋರಾಡಿದ ಮೇಲೆ, 1988ರಲ್ಲಿ ಅವುಗಳ ನಿಷೇಧ ಜಾರಿಗೆ ಬಂತು.

ನೀವು ಏನು ಮಾಡಬೇಕು?
ಫಾರ್ವರ್ಡ್ ನೋಡಿ ಮಾತ್ರೆ ನಿಲ್ಲಿಸಬೇಡಿ. ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಲೂ ಬೇಡಿ. ಚೀಟಿ ಹಿಡಿದು ಡಾಕ್ಟರನ್ನೇ ಕೇಳಿ: ಇದು ಯಾವ ಹಾರ್ಮೋನ್, ನನಗೆ ಯಾಕೆ, ಎಷ್ಟು ವಾರ?

ತೀರ್ಮಾನ: ಸಂದೇಶ ದಾರಿತಪ್ಪಿಸುವಂಥದ್ದು. ಡಿಇಎಸ್ ಅಪಾಯ ನಿಜ, ಆದರೆ ಅದನ್ನು ಇಂದಿನ ಎಲ್ಲ ಹಾರ್ಮೋನ್ ಮಾತ್ರೆಗಳಿಗೂ ಅಂಟಿಸಿರುವುದು ತಪ್ಪು.