ಒಂದು ಬಲ್ಬು, ಒಂದೇ ಫೋಟೊ

ನಮ್ಮ ಹತ್ತಿರ ತತ್ವಪದ ಹಾಡುವ ಅಜ್ಜನೊಬ್ಬರ ಫೋಟೊ ಇದೆ. ಊರಿನ ಭಜನಾ ಮಂದಿರದಲ್ಲಿ ತೆಗೆದದ್ದು. ಫ್ಲ್ಯಾಶ್ ಬಿದ್ದು ಮುಖ ಸುಣ್ಣ ಹೊಡೆದ ಗೋಡೆಯಂತಾಗಿದೆ, ಬಾಯಿಗೆ ಮೈಕು ಅಡ್ಡ ಬಂದಿದೆ, ತಲೆಯ ಮೇಲೆ ಟ್ಯೂಬ್‌ಲೈಟು. ಹೋದ ವರ್ಷ ಅಜ್ಜ ತೀರಿಕೊಂಡಾಗ ಮನೆಯವರು ಫೋಟೊ ಕೇಳಿದರು. ಅದನ್ನೇ ಕೊಟ್ಟೆವು. ಆ ರಾತ್ರಿ ಇನ್ನೂರಕ್ಕೂ ಹೆಚ್ಚು ಸಲ ಕ್ಲಿಕ್ಕಿಸಿದ್ದೆವು, ಕೊಡುವಂಥದ್ದು ಬೇರೆ ಒಂದೂ ಇರಲಿಲ್ಲ.

ಆ ನಾಚಿಕೆಯಲ್ಲೇ ನಾವು ವಿಲಿಯಂ ಗಾಟ್ಲೀಬ್ ಅವರ ಕಥೆ ಓದಿದ್ದು. 1930ರ ದಶಕದ ಕೊನೆಗೆ ಅವರು ‘ವಾಷಿಂಗ್ಟನ್ ಪೋಸ್ಟ್’ಗೆ ಜಾಜ್ ಸಂಗೀತದ ಅಂಕಣ ಬರೆಯುತ್ತಿದ್ದರು. ಅಂಕಣಕ್ಕೆ ಫೋಟೊಗ್ರಾಫರನ್ನು ಕೊಡಲು ಪತ್ರಿಕೆ ಒಪ್ಪಲಿಲ್ಲ. ಸರಿ, ತಾವೇ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಕೊಂಡು ಕಲಿತರು. (ತಾಲ್ಲೂಕು ವರದಿಗಾರರಾಗಿರುವ ನಮ್ಮ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಫಿಲ್ಮು, ಬಲ್ಬು ಎಲ್ಲ ಸ್ವಂತ ಖರ್ಚು. ಆಗಿನ ಫ್ಲ್ಯಾಶ್ ಬಲ್ಬು ಒಮ್ಮೆ ಹೊತ್ತಿದರೆ ಮುಗಿಯಿತು, ಎಸೆಯಬೇಕು. ಹಾಗಾಗಿ ಒಂದು ರಾತ್ರಿಗೆ ಕೆಲವೇ ಫೋಟೊ.

ಬಡತನದ ಈ ಲೆಕ್ಕವೇ ಅವರನ್ನು ಕಾಯುವಂತೆ ಮಾಡಿತು ಅನ್ನಿಸುತ್ತದೆ. ಹಾಡು ಗೊತ್ತಿದ್ದವರಿಗೆ ಗಾಯಕಿ ಯಾವ ಸಾಲಿಗೆ ಮುಖ ಎತ್ತುತ್ತಾಳೆ ಎಂಬುದೂ ಗೊತ್ತಿರುತ್ತದೆ. 1947ರ ಸುಮಾರಿಗೆ ನ್ಯೂಯಾರ್ಕಿನ ಡೌನ್‌ಬೀಟ್ ಕ್ಲಬ್ಬಿನಲ್ಲಿ ಅವರು ತೆಗೆದ ಬಿಲ್ಲಿ ಹಾಲಿಡೇ ಚಿತ್ರ ನೋಡಿ: ತಲೆ ಹಿಂದಕ್ಕೆ ವಾಲಿದೆ, ಬಾಯಿ ತೆರೆದಿದೆ. ದನಿ ಕೇಳದಿದ್ದರೂ ಗಂಟಲಿನ ನೋವು ಕಾಣುತ್ತದೆ. ಅದೂ ಫ್ಲ್ಯಾಶ್ ಹಾಕಿಯೇ ತೆಗೆದದ್ದು! ತಪ್ಪು ನಮ್ಮ ಫ್ಲ್ಯಾಶಿನದಷ್ಟೇ ಅಲ್ಲ ಎಂದು ಆಗ ತಿಳಿಯಿತು.

ಬೆಳಕಿನ ಪಾಠ ಹೇಳಿದವರು ಹರ್ಮನ್ ಲೆನರ್ಡ್. ಕೆನಡಾದ ಯೂಸುಫ್ ಕಾರ್ಶ್ ಬಳಿ ಪಳಗಿ 1948ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟುಡಿಯೊ ತೆರೆದರು. ಕ್ಲಬ್ಬಿನ ಟಿಕೆಟ್ಟಿಗೆ ದುಡ್ಡಿಲ್ಲ. ಮಾಲೀಕರಿಗೆ ಫೋಟೊ ಕೊಡುತ್ತೇನೆಂದು ಹೇಳಿ ಒಳಗೆ ಸೇರಿದರು, ತಾಲೀಮಿನ ಹೊತ್ತಿಗೂ ಹೋದರು. ಅದೇ ವರ್ಷ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ ತೆಗೆದ ಡೆಕ್ಸ್ಟರ್ ಗಾರ್ಡನ್ ಚಿತ್ರದಲ್ಲಿ ಸ್ಯಾಕ್ಸೊಫೋನ್ ಹಿಡಿದು ಕೂತವನ ಮುಂದೆ ಸಿಗರೇಟಿನ ಹೊಗೆ ಮೋಡದಂತೆ ಎದ್ದಿದೆ. ಬೆಳಕು ಹಿಂದಿನಿಂದ ಬಂದದ್ದರಿಂದ ಹೊಗೆ ಕಂಡಿತು. ಎದುರಿನಿಂದ ಹೊಡೆದಿದ್ದರೆ ಎಲ್ಲ ಚಪ್ಪಟೆ. ಆ ಹೊಗೆಯನ್ನು ಆಮೇಲೆ ಎಲ್ಲರೂ ನಕಲು ಮಾಡಿ ಸವೆಸಿಬಿಟ್ಟರು. ನಮ್ಮ ಮತ ಈಗಲೂ ಗಾಟ್ಲೀಬರ ಕಡೆಗೇ.

2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನ ಲೆನರ್ಡ್ ಮನೆಗೆ ನೀರು ನುಗ್ಗಿ ಸಾವಿರಾರು ಪ್ರಿಂಟುಗಳು ಹಾಳಾದವು. ನೆಗೆಟಿವ್‌ಗಳು ಮಾತ್ರ ಆಗ್ಡೆನ್ ಮ್ಯೂಸಿಯಂನಲ್ಲಿ ಭದ್ರವಾಗಿದ್ದವು. ಗಾಟ್ಲೀಬರ ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ, 2010ರಿಂದ ಎಲ್ಲರ ಸ್ವತ್ತಾಗಿವೆ. ನಮ್ಮ ಇನ್ನೂರು ಫೋಟೊ ಯಾರದೋ ಹಳೆಯ ಫೋನಿನಲ್ಲಿದ್ದವು, ಫೋನೇ ಕೆಟ್ಟಿತು.

ಈಗ ನಾವು ಭಜನೆಗೆ ಒಂದು ಗಂಟೆ ಮುಂಚೆ ಹೋಗುತ್ತೇವೆ. ತಂಬೂರಿ ಶ್ರುತಿ ಮಾಡುವಾಗ ಕೂತು ಕೇಳುತ್ತೇವೆ. ಮೈಕಿಗೆ ಓರೆಯಾಗಿ ಜಾಗ ಹಿಡಿಯುತ್ತೇವೆ, ಹಿರಿಯರನ್ನು ಕೇಳಿ ಎದುರಿನ ಟ್ಯೂಬ್‌ಲೈಟು ಆರಿಸುತ್ತೇವೆ. ಮರುವಾರ ಒಂದು ಪ್ರಿಂಟು ಮಂದಿರಕ್ಕೆ, ಒಂದು ಹಾಡಿದವರ ಮನೆಗೆ.