ಸವಣೂರಿನ ಕಿತಾಬು, ಲಂಡನ್ನಿನ ಕಪಾಟು



ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಒಂದು ಚಿಕ್ಕ ಫಾರ್ಸಿ ಕಿತಾಬು ಇದೆ. ಟಿಪ್ಪು ಸುಲ್ತಾನರು ತಾವು ಕಂಡ 37 ಕನಸುಗಳನ್ನು ಅದರಲ್ಲಿ ಸ್ವಹಸ್ತದಿಂದ ಬರೆದಿಟ್ಟಿದ್ದಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಗುಪ್ತ ಕಾಗದಗಳ ನಡುವೆ ಅದು ಕರ್ನಲ್ ಕರ್ಕ್‌ಪ್ಯಾಟ್ರಿಕ್‌ನಿಗೆ ಸಿಕ್ಕಿತು. ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಕಾಣಿಕೆಯಾಗಿ ಹೋಯಿತು. ಇಂಥ ಮೂಲ ದಾಖಲೆಗಳನ್ನು ಹಿಂದೆ ಆಳಿದ ಸರಕಾರಗಳು ಮರಳಿ ಕೊಡಬೇಕೆ?

ಕೊಡಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಎಲ್ಲವನ್ನೂ ಅಲ್ಲ. ಲಂಡನ್ನಿನ ಗುಮಾಸ್ತರು ತಮ್ಮ ಕಚೇರಿಗಾಗಿ ಬರೆದುಕೊಂಡದ್ದು ಅವರದು, ನಮಗೆ ನಕಲು ಸಾಕು. ಅರಮನೆ ಹೊಕ್ಕು ತಂದದ್ದು ಲೂಟಿಯ ಮಾಲು. ಅದರ ಫೋಟೋ ನಮಗೆ ಕೊಟ್ಟು ಮೂಲವನ್ನು ತಾವಿಟ್ಟುಕೊಳ್ಳುವುದು ಯಾವ ನ್ಯಾಯ?

ನಮ್ಮ ಸೀಮೆಯವರಿಗೆ ಇಲ್ಲೊಂದು ತೊಡಕಿದೆ. ಸುಲ್ತಾನರ ಗ್ರಂಥಾಲಯದ ಸುಮಾರು 2000 ಗ್ರಂಥಗಳ ಪಟ್ಟಿಯನ್ನು ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಪ್ರಕಟಿಸಿದ. ಇವುಗಳಲ್ಲಿ ಹೈದರ್, ಟಿಪ್ಪು ಹಣ ಕೊಟ್ಟು ಕೊಂಡವು ತೀರ ಕಡಿಮೆ, ಹೆಚ್ಚಿನವು ಸಾನೂರು, ಕಡಪಾ ಮತ್ತು ಆರ್ಕಾಟ್ ಸೀಮೆಯ ಲೂಟಿ ಎಂದು ಅವನು ಬರೆದಿದ್ದಾನೆ. ಸಾನೂರು ಎಂದರೆ ನಮ್ಮ ಸವಣೂರು! ಗೆದ್ದವರ ಕಡೆಯವನ ಮಾತು, ನಿಜ, ಆದರೂ ತಳ್ಳಿಹಾಕುವಂತಿಲ್ಲ. ನವಾಬ ಅಬ್ದುಲ್ ಹಕೀಂ ಖಾನರು ಹೈದರನಿಗೆ ಬೀಗರು. ಹಾಗಿದ್ದೂ 1786ರಲ್ಲಿ ಟಿಪ್ಪುವಿನ ಸೈನ್ಯ ಸವಣೂರನ್ನು ಹಿಡಿಯಿತು.

ಹಾಗಾದರೆ ಮರಳಿಸುವುದು ಯಾರಿಗೆ? ಶ್ರೀರಂಗಪಟ್ಟಣಕ್ಕೋ, ಸವಣೂರಿಗೋ? ಇದನ್ನು ನಾವು ನಮ್ಮೊಳಗೇ ಕುಳಿತು ತೀರ್ಮಾನಿಸಿಕೊಳ್ಳಬಹುದು. ಇದರ ನೆಪದಲ್ಲಿ ಲಂಡನ್ನಿಗೆ ಹಕ್ಕು ಹುಟ್ಟುವುದಿಲ್ಲ.

ಕೇಳಿದವರು ಇಲ್ಲವೆಂದಲ್ಲ. 1950ರ ದಶಕದಲ್ಲಿ ಇಂಡಿಯಾ ಆಫೀಸ್ ಲೈಬ್ರರಿಗಾಗಿ ಭಾರತ, ಪಾಕಿಸ್ತಾನ ಎರಡೂ ಹಕ್ಕು ಮಂಡಿಸಿದವು. ಆಗ ನಮ್ಮ ಶಿಕ್ಷಣ ಮಂತ್ರಿ ಮೌಲಾನಾ ಆಜಾದ್. ಬ್ರಿಟನ್ ಕೊಡಲಿಲ್ಲ. ಸರಕಾರಿ ದಾಖಲೆಗಳ ಹಂಚಿಕೆ ಕುರಿತ 1983ರ ವಿಯೆನ್ನಾ ಒಪ್ಪಂದ ಇಂದಿಗೂ ಜಾರಿಗೆ ಬಂದಿಲ್ಲ. ಕೀನ್ಯಾದ ವೃದ್ಧರು ಕೋರ್ಟಿಗೆ ಹೋದ ಮೇಲೆಯೇ, 2011ರಲ್ಲಿ, 37 ಹಳೆಯ ವಸಾಹತುಗಳ ಫೈಲುಗಳನ್ನು ಬಚ್ಚಿಟ್ಟ ಸಂಗತಿ ಹೊರಬಂತು.

ಇನ್ನೊಂದು ಮಾತು. ಸುಲ್ತಾನರ ಸಂಗ್ರಹದ ಒಂದು ಭಾಗ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿದೆ. ಅಲ್ಲಿಗೆ ಪಾಸ್‌ಪೋರ್ಟ್ ಬೇಡ, ಹುಬ್ಬಳ್ಳಿಯಲ್ಲಿ ರೈಲು ಹತ್ತಿದರಾಯಿತು. ಬೇಕಾದದ್ದು ಫಾರ್ಸಿ. ಉರ್ದು ಓದಬಲ್ಲ ನಿಮಗೆ ಅದರ ಅಕ್ಷರಗಳು ಹೊಸವಲ್ಲ; ಸುಲ್ತಾನರು ಬರೆಯುತ್ತಿದ್ದ ಶಿಕಸ್ತಾ ಎಂಬ ಮುರುಕು ಬರಹವನ್ನು ಮಾತ್ರ ಗುರುಗಳ ಬಳಿ ಕುಳಿತು ಕಲಿಯಬೇಕಾಗುತ್ತದೆ.