ಮಠದಂಗಳಕ್ಕೆ ಬಂದ ನಾಟಕ

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯ ಹಳ್ಳಿಗಳಾಗಲಿ, ಅದರಾಚೆ ಹೊಸದುರ್ಗ, ಹಿರಿಯೂರುಗಳ ಕಡೆಯ ಹಳ್ಳಿಗಳಾಗಲಿ ನಾಟಕಕ್ಕೆ ಹೊಸಬವಲ್ಲ. ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ಊರಿಗೆ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ತಿಂಗಳುಗಟ್ಟಲೆ ಅಭ್ಯಾಸ ನಡೆಯುತ್ತಿತ್ತು. ಬಾಡಿಗೆಯ ಸೀನರಿ, ಬಾಡಿಗೆಯ ಕಿರೀಟ, ಬೆಳಗಾಗುವವರೆಗೆ ಕುರುಕ್ಷೇತ್ರ. ಈ ಆಟಗಳನ್ನು ಬರಿಯ ಮನರಂಜನೆಯೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಯಾವ ಪಾತ್ರ ಯಾರಿಗೆ ಎಂಬುದು ಅನೇಕ ಕಡೆ ಹಣದಿಂದಲೇ ನಿರ್ಧಾರವಾಗುತ್ತಿತ್ತು. ದುರ್ಯೋಧನನಾಗಬೇಕಾದವನು ಹೆಚ್ಚು ಹಣ ಕಟ್ಟಬೇಕು, ಸೈನಿಕನಾಗುವವನು ಅಲ್ಪಸ್ವಲ್ಪ ಕೊಟ್ಟರಾಯಿತು. ಊರಿನ ಅಂತಸ್ತೇ ರಂಗದ ಅಂತಸ್ತೂ ಆಗುತ್ತಿತ್ತು. ಹಾಗಿದ್ದೂ ದಲಿತ ಕೇರಿಯ ತರುಣರು ತಾವೇ ಹಣ ಕೂಡಿಸಿ, ತಾವೇ ಕಿರೀಟ ತೊಟ್ಟು ರಾಜರಾಗಿ ನಿಂತ ರಾತ್ರಿಗಳೂ ಇದ್ದವು. ಆ ಒಂದು ರಾತ್ರಿಯ ಮಟ್ಟಿಗೆ ಊರು ತಲೆಯೆತ್ತಿ ಅವರನ್ನು ನೋಡಬೇಕಾಗುತ್ತಿತ್ತು. ಬೆಳಗಾದ ಮೇಲಿನ ಮಾತು ಬೇರೆ.

ಆ ಬೆಳಗಾದ ಮೇಲಿನ ಮಾತನ್ನು ಬದಲಿಸುವ ಶಕ್ತಿ ನಾಟಕಕ್ಕುಂಟೆ? ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಜೋರಾಗಿ ಎತ್ತಿದ್ದು 1975ರಲ್ಲಿ ಹುಟ್ಟಿದ ಸಮುದಾಯ ಸಂಘಟನೆ. ತುರ್ತುಪರಿಸ್ಥಿತಿಯ ಕಾಲವದು. ಸಮುದಾಯದವರು ರಂಗಮಂದಿರವನ್ನು ಬಿಟ್ಟು ಬೀದಿಗಿಳಿದರು. 1979ರಲ್ಲಿ ನಾಡಿನುದ್ದಕ್ಕೂ ಜಾಥಾ ನಡೆಸಿದರು. ತೆರೆಯಿಲ್ಲ, ಸೀನರಿಯಿಲ್ಲ, ಟಿಕೆಟ್ಟಿಲ್ಲ. ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ 1977ರ ಮೇ ತಿಂಗಳಲ್ಲಿ 11 ಜನರನ್ನು ಕೊಂದು ಸುಟ್ಟರು. ಸತ್ತವರಲ್ಲಿ ಹೆಚ್ಚಿನವರು ದಲಿತರು. ಆ ಘಟನೆಯನ್ನು ಕನ್ನಡದ ಬೀದಿನಾಟಕವಾಗಿಸಿದವರು ಸಿ.ಜಿ. ಕೃಷ್ಣಸ್ವಾಮಿ, ರಂಗಭೂಮಿಯವರ ಬಾಯಲ್ಲಿ ಸಿಜಿಕೆ. ಪತ್ರಿಕೆಯ ಮೂಲೆಯಲ್ಲಿ ಓದಿ ಮರೆಯಬಹುದಾಗಿದ್ದ ಸುದ್ದಿ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯ ಮೈದಾನದಲ್ಲಿ ಜನರ ಎದುರಿಗೆ ಬಂದು ನಿಂತಿತು.

ಬೀದಿನಾಟಕ ಕೆಲಸ ಮಾಡುವ ರೀತಿ ಸರಳವಾದದ್ದು. ನೋಡುವವನು ನಾಟಕಕ್ಕೆ ಹೋಗುವುದಿಲ್ಲ, ನಾಟಕವೇ ಅವನ ದಾರಿಗೆ ಅಡ್ಡ ಬರುತ್ತದೆ. ಆಡುವವರು ಅವನಂತೆಯೇ ಷರಟು ತೊಟ್ಟವರು. ಅಧಿಕಾರದಲ್ಲಿರುವವರಿಗೆ ಇದರ ಭಯವಿರುವುದು ಸುಳ್ಳಲ್ಲ. 1989ರ ಜನವರಿ 1ರಂದು ದೆಹಲಿಯ ಪಕ್ಕದ ಸಾಹಿಬಾಬಾದಿನಲ್ಲಿ ಕಾರ್ಮಿಕರ ಮುಂದೆ ಆಡುತ್ತಿದ್ದ ಸಫ್ದರ್ ಹಾಶ್ಮಿಯವರ ತಂಡದ ಮೇಲೆ ದಾಳಿಯಾಯಿತು. ಮರುದಿನ ಅವರು ತೀರಿಕೊಂಡರು. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ಅದೇ ಸ್ಥಳಕ್ಕೆ ತಂಡದೊಡನೆ ಹೋಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಆಡಿ ಮುಗಿಸಿದರು.

ಆದರೆ ಜಾಥಾಕ್ಕೆ ಒಂದು ಮಿತಿಯುಂಟು. ಅದು ಬರುತ್ತದೆ, ಹೋಗುತ್ತದೆ. ಮುಂದಿನ ವರ್ಷ ಅದೇ ಊರಿಗೆ ಬಂದೀತೆಂಬ ಭರವಸೆಯಿಲ್ಲ. ಊರಿನ ಕಟ್ಟುಕಟ್ಟಳೆಗಳಾದರೋ ವರ್ಷವಿಡೀ ಅಲ್ಲೇ ಇರುತ್ತವೆ. ಅವುಗಳ ಜೊತೆ ವಾದಕ್ಕೆ ನಿಲ್ಲುವ ನಾಟಕವೂ ವರ್ಷವರ್ಷ ಮರಳಿ ಬರಬೇಕು. ಈ ಮರಳಿ ಬರುವ ಏರ್ಪಾಡು ದುರ್ಗದ ಸೀಮೆಯಲ್ಲಿ ರೂಪುಗೊಂಡದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ, ಮಠದ ಅಂಗಳದಲ್ಲಿ.

ಇದಕ್ಕೆ ಹಿನ್ನೆಲೆ ಸಿರಿಗೆರೆಯಲ್ಲಿದೆ. ಅಲ್ಲಿನ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು (1914–1992) ಸ್ವತಃ ನಾಟಕ ಬರೆದವರು. ಅವರ ‘ಮರಣವೇ ಮಹಾನವಮಿ’, ‘ಶರಣಸತಿ ಲಿಂಗಪತಿ’ಗಳನ್ನು ಮಠದ ಕಲಾಸಂಘ ಊರೂರಿಗೆ ಒಯ್ದು ಆಡಿತು. ಕಾವಿ ತೊಟ್ಟವರು ಬಣ್ಣದವರ ಜೊತೆ ಕೂರುವುದೆಂದರೆ ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ನಾಟಕದವರಿಗೆ, ಅದರಲ್ಲೂ ನಾಟಕದ ಹೆಣ್ಣುಮಕ್ಕಳಿಗೆ, ಬಾಡಿಗೆ ಮನೆ ಕೊಡಲೂ ಹಿಂದೆಗೆಯುತ್ತಿದ್ದ ಸಮಾಜ ನಮ್ಮದು.

ಆ ಮಠದ ಶಾಖೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿದೆ. ಅಲ್ಲಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಗುರುಗಳ ಹೆಸರಿನಲ್ಲಿ ಶಿವಕುಮಾರ ಕಲಾಸಂಘವನ್ನು ಕಟ್ಟಿದರು. ಹತ್ತು ವರ್ಷಗಳ ತರುವಾಯ, 1997ರಲ್ಲಿ, ‘ಶಿವಸಂಚಾರ’ವೆಂಬ ತಿರುಗಾಟದ ತಂಡ ಹೊರಟಿತು. ಹೆಗ್ಗೋಡಿನ ನೀನಾಸಮ್ 1985ರಲ್ಲಿ ಆರಂಭಿಸಿದ್ದ ತಿರುಗಾಟದ ಮಾದರಿ ಕಣ್ಣೆದುರಿಗಿತ್ತು. ಕಲಾವಿದರು ಸಂಬಳದ ಮೇಲೆ ಸಾಣೇಹಳ್ಳಿಯಲ್ಲಿ ಸೇರುತ್ತಾರೆ; ಮಳೆಗಾಲದ ತಿಂಗಳುಗಳಲ್ಲಿ ಮೂರು ನಾಟಕ ಕಲಿಯುತ್ತಾರೆ; ನವೆಂಬರಿನ ನಾಟಕೋತ್ಸವದಲ್ಲಿ ಅವನ್ನು ಆಡಿ, ಆಮೇಲೆ ಪರಿಕರಗಳನ್ನು ವಾಹನಕ್ಕೆ ಏರಿಸಿ ನಾಡಿನ ಮೇಲೆ ಹೊರಡುತ್ತಾರೆ. ನೋಡುವವರಿಗಾಗಿ ಸಾವಿರಾರು ಜನ ಕೂರಬಹುದಾದ ಬಯಲು ರಂಗಮಂದಿರ ಹಳ್ಳಿಯಲ್ಲೇ ಎದ್ದಿತು. 2008ರಲ್ಲಿ ರಂಗಶಿಕ್ಷಣದ ಶಾಲೆಯೂ ಬಂತು. ವೇಷ, ಬೆಳಕು, ಊಟ, ಡೀಸೆಲ್ಲು, ಸಂಬಳ ಎಂಬ ಈ ಲೆಕ್ಕಾಚಾರವನ್ನು ರಂಗಭೂಮಿಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಎಷ್ಟು ಒಳ್ಳೆಯ ತಂಡಗಳು ನಾಟಕದ ಕೊರತೆಯಿಂದಲ್ಲ, ಡೀಸೆಲ್ಲಿನ ಕೊರತೆಯಿಂದ ನಿಂತುಹೋದವೆಂಬುದನ್ನು ಕೇಳಿದವರಿಗೆ ಇದರ ಬೆಲೆ ತಿಳಿದೀತು.

ಶಿವಸಂಚಾರಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಅದೇ ಸಿಜಿಕೆ ಇದ್ದರು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ವನ್ನು 1980ರ ದಶಕದಲ್ಲಿ ರಂಗಕ್ಕೆ ತಂದವರು ಅವರೇ. ಬಸವಣ್ಣನ ಕಾಲದ ಕಲ್ಯಾಣವನ್ನು ದುಡಿಯುವವರ ಕಣ್ಣಿನಿಂದ ನೋಡುವ ನಾಟಕವದು. 1990ರ ದಶಕದ ನಡುವಿನಲ್ಲಿ ಅದು ಪಠ್ಯವಾಗಿದ್ದಾಗ, ಶರಣರಿಗೆ ಅಪಚಾರವಾಗಿದೆಯೆಂದು ದೊಡ್ಡ ವಿರೋಧ ಎದ್ದಿತು, ಪಠ್ಯದಿಂದ ತೆಗೆಯಬೇಕೆಂಬ ಕೂಗು ಎದ್ದಿತು. ಆ ಗದ್ದಲದ ಬೆನ್ನಿಗೇ ಒಂದು ಲಿಂಗಾಯತ ಮಠ ಅದೇ ನಿರ್ದೇಶಕನನ್ನು ಹತ್ತಿರಕ್ಕೆ ಕರೆದುಕೊಂಡಿತು, ಎಡಪಂಥದಿಂದ ಬಂದ ಆ ನಿರ್ದೇಶಕನೂ ಮಠದ ಬಾಗಿಲು ತುಳಿದನು. ಎರಡು ಕಡೆಯವರೂ ತಮ್ಮ ತಮ್ಮವರಿಂದ ಮಾತು ಕೇಳಬೇಕಾದ ನಡೆಯಿದು.

ಮಠವು ನಾಟಕವನ್ನು ಸಾಕಿದರೆ ನಾಟಕ ಮಠವನ್ನು ಪ್ರಶ್ನಿಸೀತೆ, ಎಂದು ಕೇಳುವವರಿದ್ದಾರೆ. ನ್ಯಾಯವಾದ ಸಂದೇಹವೇ. ಅನ್ನ ಹಾಕಿದ ಕೈಯನ್ನು ವಿಮರ್ಶಿಸುವ ನಾಟಕ ಅಪರೂಪ. ಸರ್ಕಾರಿ ರೆಪರ್ಟರಿಗಳಿಗೂ ಈ ಮಾತು ಸಲ್ಲುತ್ತದೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಕಲ್ಯಾಣದ ಕಥೆಯ ನಡುವೆ ಇರುವುದು ಹರಳಯ್ಯ, ಮಧುವರಸರ ಮಕ್ಕಳ ಮದುವೆ. ಸಮಗಾರನ ಮಗನಿಗೆ ಬ್ರಾಹ್ಮಣನ ಮಗಳು. ಆ ಮದುವೆಗಾಗಿ ಇಬ್ಬರು ತಂದೆಯರೂ ಪ್ರಾಣ ತೆತ್ತರು. ಇಂದಿಗೂ ಜಾತಿ ನೋಡಿಯೇ ಮದುವೆ ಮಾಡುವ ಊರಿನಲ್ಲಿ, ಅದೇ ಊರಿನ ಭಕ್ತರ ಮುಂದೆ, ಅವರ ಗುರುಗಳೇ ಮೊದಲ ಸಾಲಿನಲ್ಲಿ ಕುಳಿತು ಈ ಕಥೆಯನ್ನು ಆಡಿಸುವುದಕ್ಕೂ, ಪಟ್ಟಣದಿಂದ ಬಂದ ತಂಡವೊಂದು ಆಡಿ ಹೋಗುವುದಕ್ಕೂ ಅಂತರವಿದೆ. ಹೊರಗಿನವರ ಮಾತೆಂದು ಎದ್ದುಹೋಗಲು ಇಲ್ಲಿ ಬರುವುದಿಲ್ಲ.

2019ರ ಆಗಸ್ಟಿನಲ್ಲಿ ಪಂಡಿತಾರಾಧ್ಯ ಸ್ವಾಮಿಗಳು ‘ಮತ್ತೆ ಕಲ್ಯಾಣ’ವೆಂದು ತಿಂಗಳ ಕಾಲ ಜಿಲ್ಲೆ ಜಿಲ್ಲೆಗಳನ್ನು ಸುತ್ತಿದರು. ಹಗಲು ವಿದ್ಯಾರ್ಥಿಗಳೊಡನೆ ಸಂವಾದ, ಸಂಜೆ ನಡಿಗೆ ಮತ್ತು ಸಭೆ, ರಾತ್ರಿ ‘ಮೋಳಿಗೆ ಮಾರಯ್ಯ’ ನಾಟಕ. ಅರಸೊತ್ತಿಗೆಯನ್ನು ಬಿಟ್ಟು ಬಂದು ಸೌದೆ ಹೊತ್ತು ಮಾರಿದ ಶರಣನ ಕಥೆ. ಈ ದಿನಚರಿಯ ಅನುಕ್ರಮವೇ ನನಗೆ ಮುಖ್ಯವಾಗಿ ಕಾಣುತ್ತದೆ. ನಾಟಕ ಕೊನೆಗೆ ಬರುತ್ತಿತ್ತು. ಅದಕ್ಕೆ ಮೊದಲು, ಕಾವಿ ತೊಟ್ಟವರೆದುರಿಗೆ ಎದ್ದು ನಿಂತು, ಮೈಕು ಹಿಡಿದು ಪ್ರಶ್ನೆ ಹಾಕುವ ಸರದಿ ಹುಡುಗ ಹುಡುಗಿಯರದಾಗಿತ್ತು.